ಎಲ್ಟಮ್‌ನ ಬ್ಲ್ಯಾಕ್‌ಹೀತ್ ಕ್ಲಬ್: ಮಕ್ಕಳನ್ನು ರಗ್ಬಿಗೆ ಸೇರಿಸಬಹುದಾ?

ಲಂಡನ್ನಿನ ಈ ಕಡೆ, ಅಂದರೆ ಗ್ರಿನಿಚ್, ಎಲ್ಟಮ್, ಲೂಯಿಶಮ್ ಸುತ್ತಮುತ್ತ ಇರುವ ಕನ್ನಡದವರು ಸಿಕ್ಕಾಗಲೆಲ್ಲ ನನ್ನನ್ನು ಕೇಳುತ್ತಾರೆ, ಮಗಳನ್ನು ರಗ್ಬಿಗೆ ಹಾಕಿದ್ದೀರಂತೆ, ಹೇಗಿದೆ ಅಂತ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆಯುತ್ತಿದ್ದೇನೆ. ಅವಳಿಗೆ ಏಳು ವರ್ಷ. ಒಂದು ಇಡೀ ಸೀಸನ್, ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ, ಭಾನುವಾರ ಬೆಳಿಗ್ಗೆ ಬ್ಲ್ಯಾಕ್‌ಹೀತ್ ಕ್ಲಬ್ಬಿನ ವೆಲ್ ಹಾಲ್ ಮೈದಾನಕ್ಕೆ ಹೋಗಿದ್ದೇವೆ. ಸೇರಿಸಿ. ಧೈರ್ಯವಾಗಿ ಸೇರಿಸಿ.

ಇದಕ್ಕೆ ಮುಂಚೆ ಬೇರೆ ಕಡೆ ಒಂದು ಫುಟ್‌ಬಾಲ್ ಕ್ಲಾಸಿಗೆ ಹಾಕಿದ್ದೆ. ಒಂದು ಗಂಟೆಯಲ್ಲಿ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಸರದಿ ಕಾಯುವುದೇ ಆಯಿತು, ಮೂರು ತಿಂಗಳಿಗೆ ಬಿಟ್ಟಳು. ಆಮೇಲೆ ರಗ್ಬಿ ಅಂದಾಗ ಹಾಸನದಿಂದ ಅಮ್ಮನ ಫೋನ್. 'ಮಗೂನ ಕೈಕಾಲು ಮುರ್ಕೊಳ್ಳೋಕೆ ಕಳಿಸ್ತೀಯೇನೇ?' ಅಂದರು. ಭಯ ನನಗೂ ಇತ್ತು. ಟೀವಿಯಲ್ಲಿ ನೋಡಿದ್ದು ನೂರು ಕೆಜಿ ಗಂಡಸರು ಒಬ್ಬರ ಮೇಲೊಬ್ಬರು ಬೀಳುವುದನ್ನು ಮಾತ್ರ ಅಲ್ವಾ.

ಚಿಕ್ಕ ಮಕ್ಕಳ ಆಟ ಹಾಗಿಲ್ಲ. ಇಂಗ್ಲೆಂಡಿನ ನಿಯಮದ ಪ್ರಕಾರ ಎಂಟು ವರ್ಷದೊಳಗಿನ ತಂಡದವರೆಗೆ ಟ್ಯಾಗ್ ರಗ್ಬಿ ಮಾತ್ರ. ಸೊಂಟಕ್ಕೊಂದು ಬೆಲ್ಟ್, ಎರಡೂ ಬದಿಗೆ ಅಂಟಿಸಿದ ಬಟ್ಟೆಪಟ್ಟಿ. ಚೆಂಡು ಹಿಡಿದು ಓಡುವವರ ಪಟ್ಟಿಯನ್ನು ಚರ್ರಂತ ಕಿತ್ತು, ಕೈ ಮೇಲೆತ್ತಿ, 'ಟ್ಯಾಗ್!' ಅಂತ ಕೂಗಬೇಕು. ಓಡುತ್ತಿದ್ದವರು ಮೂರು ಸೆಕೆಂಡಿನೊಳಗೆ ಚೆಂಡನ್ನು ತಮ್ಮವರಿಗೆ ಕೊಡಬೇಕು, ಅದೂ ಹಿಂದಕ್ಕೇ. ಮೈಮೇಲೆ ಬೀಳುವುದಿಲ್ಲ, ಎಳೆಯುವುದಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಆಮೇಲಿನದ್ದು. ಪಟ್ಟಿ ಕಿತ್ತವರು ಅದನ್ನು ಎದುರಾಳಿಯ ಕೈಗೇ ವಾಪಸ್ ಕೊಡಬೇಕು. ಕೊಡುವವರೆಗೆ ಆಟಕ್ಕೆ ಸೇರುವ ಹಾಗಿಲ್ಲ. ಒಂದು ದಿನ ಸಣ್ಣಗೆ ಮಳೆ, ನನ್ನ ಮಗಳು ಒಬ್ಬ ಹುಡುಗನ ಪಟ್ಟಿ ಕಿತ್ತಳು, ಅವನ ಬೆರಳೆಲ್ಲ ಕೆಸರು, ಚಳಿಗೆ ಮರಗಟ್ಟಿತ್ತು, ಬೆಲ್ಟಿಗೆ ಅಂಟಿಸಲು ಆಗುತ್ತಿಲ್ಲ. ಇವಳೇ ಬಗ್ಗಿ ಅಂಟಿಸಿ, ಒಂದು ಸಲ ಒತ್ತಿ ನೋಡಿ, ಆಮೇಲೆ ಓಡಿದಳು. ಅವತ್ತು ಯಾರು ಗೆದ್ದರೋ ನನಗೆ ನೆನಪಿಲ್ಲ.

ಇದೇ ಕ್ಲಬ್ಬು ಒಂದು ಕಾಲದಲ್ಲಿ ಕಾಲಿಗೆ ಒದೆಯುವ ಹಕ್ಕಿಗಾಗಿ ಜಗಳ ಮಾಡಿತ್ತು ಅಂದರೆ ನಂಬುತ್ತೀರಾ? 1858ರಲ್ಲಿ ಬ್ಲ್ಯಾಕ್‌ಹೀತ್ ಪ್ರೊಪ್ರೈಟರಿ ಸ್ಕೂಲಿನ ಹಳೆ ವಿದ್ಯಾರ್ಥಿಗಳು ಕಟ್ಟಿದ್ದು ಇದು. ಆಮೇಲೆ ಹೊರಗಿನವರಿಗೂ ಬಾಗಿಲು ತೆರೆದರು. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದಾಗ ಬ್ಲ್ಯಾಕ್‌ಹೀತ್ ಕೂಡ ಅದರಲ್ಲಿತ್ತು. ಚೆಂಡು ಹಿಡಿದು ಓಡುವುದು ಬೇಡ, ಎದುರಾಳಿಯ ಮೊಣಕಾಲಿನ ಕೆಳಗೆ ಒದೆಯುವ 'ಹ್ಯಾಕಿಂಗ್' ಕೂಡ ಬೇಡ ಅಂತ ಉಳಿದವರು ಅಂದರು. ಬ್ಲ್ಯಾಕ್‌ಹೀತಿನ ಕ್ಯಾಂಪ್‌ಬೆಲ್ ಒಪ್ಪಲಿಲ್ಲ. ಹ್ಯಾಕಿಂಗ್ ತೆಗೆದರೆ ಆಟದ ಗಂಡೆದೆಯೇ ಹೋಗುತ್ತದೆ, ಒಂದು ವಾರ ಅಭ್ಯಾಸ ಮಾಡಿದ ಫ್ರೆಂಚರೂ ನಿಮ್ಮನ್ನು ಸೋಲಿಸುತ್ತಾರೆ ಅಂತ ವಾದಿಸಿದರು. ಡಿಸೆಂಬರ್‌ನಲ್ಲಿ ಕ್ಲಬ್ಬು ಹೊರಗೆ ನಡೆಯಿತು. ಫುಟ್‌ಬಾಲ್ ಒಂದು ದಾರಿ, ರಗ್ಬಿ ಒಂದು ದಾರಿ ಆಗಿದ್ದರಲ್ಲಿ ಆ ಜಗಳದ ಪಾಲು ದೊಡ್ಡದು.

ಆದರೆ 1871ರ ಜನವರಿ 26ರಂದು ಪಾಲ್ ಮಾಲ್ ರೆಸ್ಟೋರೆಂಟಿನಲ್ಲಿ 21 ಕ್ಲಬ್ಬುಗಳು ಕೂತು ರಗ್ಬಿ ಫುಟ್‌ಬಾಲ್ ಯೂನಿಯನ್ ಅನ್ನುವ ಸಂಸ್ಥೆ ಮಾಡಿದಾಗ (ಅದಕ್ಕೆ ಕರೆ ಕೊಟ್ಟ ಪತ್ರಕ್ಕೆ ಬ್ಲ್ಯಾಕ್‌ಹೀತಿನವರ ಸಹಿಯೂ ಇತ್ತು) ಆ ಯೂನಿಯನ್ನೇ ಹ್ಯಾಕಿಂಗ್ ತೆಗೆದುಹಾಕಿತು. ಎಂಟೇ ವರ್ಷದಲ್ಲಿ ಬದಲಾದರು. ಈಗಲೂ ಬದಲಾಗುತ್ತಿದ್ದಾರೆ. 2023ರಿಂದ ಇಂಗ್ಲೆಂಡಿನ ಸ್ಥಳೀಯ ಕ್ಲಬ್ಬುಗಳ ಆಟದಲ್ಲಿ ದೊಡ್ಡವರು ಕೂಡ ಎದೆಮೂಳೆಯ ಬುಡಕ್ಕಿಂತ ಮೇಲೆ ಟ್ಯಾಕಲ್ (ಎದುರಾಳಿಯನ್ನು ತಬ್ಬಿ ಹಿಡಿದು ಕೆಡವುವುದು) ಮಾಡುವ ಹಾಗಿಲ್ಲ, ತಲೆಗೆ ಪೆಟ್ಟಾಗಬಾರದು ಅಂತ. ಅಮ್ಮನಿಗೆ ಇದನ್ನೆಲ್ಲ ವಿವರವಾಗಿ ಹೇಳಿದ ಮೇಲೆ ಸ್ವಲ್ಪ ಸಮಾಧಾನವಾಯಿತು.

ಮೈದಾನದ ಕಥೆಯೂ ದೊಡ್ಡದು. ಮೊದಲು ಬ್ಲ್ಯಾಕ್‌ಹೀತ್ ಊರಿನ ಬಯಲಲ್ಲೇ ಆಡುತ್ತಿದ್ದರು. ಆಮೇಲೆ ರಿಚರ್ಡ್‌ಸನ್ಸ್ ಫೀಲ್ಡ್. ವೇಲ್ಸ್ ದೇಶ ತನ್ನ ಮೊಟ್ಟಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು ಅಲ್ಲೇ, 1881ರಲ್ಲಿ, ಇಂಗ್ಲೆಂಡ್ ಕೈಲಿ ಚೆನ್ನಾಗಿ ಸೋತರು. 1883ರಿಂದ ರೆಕ್ಟರಿ ಫೀಲ್ಡ್, 2016ರಲ್ಲಿ ವೆಲ್ ಹಾಲ್. 133 ವರ್ಷ ಆಡಿದ ಜಾಗ ಬಿಟ್ಟು ಬರುವುದು ಅಂದರೆ ತಾತನ ಮನೆ ಬಿಟ್ಟ ಹಾಗೆ.

1995ರಲ್ಲಿ ರಗ್ಬಿ ಯೂನಿಯನ್ ಅನ್ನುವ ಈ ಬಗೆಯ ರಗ್ಬಿಯಲ್ಲಿ ಆಟಗಾರರಿಗೆ ಸಂಬಳ ಕೊಡಬಹುದು ಅಂತಾಯಿತು. ಅಲ್ಲಿಂದ ದುಡ್ಡಿದ್ದ ಕ್ಲಬ್ಬುಗಳು ಎಲ್ಲೋ ಮುಂದೆ ಹೋದವು. 1864ರಿಂದ ಬ್ಲ್ಯಾಕ್‌ಹೀತ್ ಜೊತೆ ಆಡುತ್ತಾ ಬಂದ ಲಂಡನ್ನಿನ ಇನ್ನೊಂದು ಕ್ಲಬ್ಬು ರಿಚ್ಮಂಡ್ ಅದೇ ಓಟದಲ್ಲಿ 1999ರಲ್ಲಿ ಸಾಲಕ್ಕೆ ಸಿಕ್ಕಿಕೊಂಡು, ಲೀಗಿನ ಕೆಳಗಿನ ಮೆಟ್ಟಿಲಿನಿಂದ ಮತ್ತೆ ಶುರು ಮಾಡಬೇಕಾಯಿತು. ಬ್ಲ್ಯಾಕ್‌ಹೀತ್ ಕೂಡ ಈಗ ಅತಿ ಮೇಲಿನ ಲೀಗಿನಲ್ಲಿಲ್ಲ. ನೋಡುವವರಿಗೆ ಅದರಿಂದ ಲಾಭವೇ ಆಗಿದೆ ಅನ್ನುತ್ತೇನೆ. ಶನಿವಾರದ ಪಂದ್ಯಕ್ಕೆ ಹೋದರೆ ಗೆರೆಯ ಪಕ್ಕದಲ್ಲೇ ನಿಲ್ಲಬಹುದು. ಎರಡೂ ತಂಡದವರು ಬಗ್ಗಿ ಭುಜಕ್ಕೆ ಭುಜ ಕೊಟ್ಟು ತಳ್ಳುವ ಸ್ಕ್ರಮ್ ಕೂಡಿಕೊಂಡಾಗ ಧಡ್ ಅಂತ ಆಗುವ ಸದ್ದು, ಉಸಿರು, ನಾಯಕ ರೆಫ್ರಿಗೆ 'ಸರ್' ಅನ್ನುವುದು, ಎಲ್ಲಾ ಕೇಳಿಸುತ್ತದೆ. ಟೀವಿಯಲ್ಲಿ ಇದು ಸಿಗುವುದಿಲ್ಲ. ಮೊದಲನೇ ಸಲ ನನ್ನ ಮಗಳು ನನ್ನ ಕೋಟಿನ ತುದಿ ಹಿಡಿದುಕೊಂಡೇ ನಿಂತಿದ್ದಳು.

ಇನ್ನು ಸೇರಿಸುವವರಿಗೆ. ಕಲಿಸುವವರು ನಮ್ಮ ಥರದ ಅಪ್ಪ ಅಮ್ಮಂದಿರೇ, ಚಳಿಯಲ್ಲಿ ನಮಗಿಂತ ಮುಂಚೆ ಬಂದು ಕೋನ್ ಇಟ್ಟಿರುತ್ತಾರೆ. ಆದ್ದರಿಂದ ಮಗುವನ್ನು ಬಿಟ್ಟು ಹೊರಟುಹೋಗಬೇಡಿ, ನಿಂತುಕೊಳ್ಳಿ, ಕೈ ಜೋಡಿಸಿ. ಹುಡುಗ ಹುಡುಗಿಯರು 11 ವರ್ಷದೊಳಗಿನ ತಂಡದವರೆಗೆ ಒಟ್ಟಿಗೇ ಆಡುತ್ತಾರೆ. ಬೂಟು ಅಂಗಡಿಗೆ ಹೋಗಿ ಹಾಕಿ ನೋಡಿಯೇ ತಗೊಳ್ಳಿ. ನಾನು ಆನ್‌ಲೈನಿನಲ್ಲಿ ತರಿಸಿ ಎರಡು ಸಲ ವಾಪಸ್ ಕಳಿಸಿದೆ. ಜನವರಿ ಕೆಸರು ಜೇಡಿಮಣ್ಣಿನ ಹಾಗೆ ಅಂಟುತ್ತದೆ, ಬೂಟಿಗೊಂದು ಪ್ಲಾಸ್ಟಿಕ್ ಚೀಲ, ಮಗುವಿಗೆ ಇನ್ನೊಂದು ಜೊತೆ ಕಾಲುಚೀಲ ಬೇಕೇಬೇಕು. ಒಂದು ಫ್ಲಾಸ್ಕ್ ಬಿಸಿ ಕಾಫಿ, ಡಬ್ಬಿಯಲ್ಲಿ ಚಪಾತಿ ಪಲ್ಯ ಇದ್ದರೆ ಮನೆಗೆ ಬರುವವರೆಗೆ ಅಳು ಇರುವುದಿಲ್ಲ.

ಮುಂದಿನ ಸೆಪ್ಟೆಂಬರ್‌ಗೆ ಅವಳು ಒಂಬತ್ತರೊಳಗಿನ ತಂಡ. ಅಲ್ಲಿಂದ ನಿಜವಾದ ಟ್ಯಾಕಲ್ ಶುರು, ಹಲ್ಲಿಗೆ ಪೆಟ್ಟಾಗದ ಹಾಗೆ ಬಾಯಿಗೆ ಮೌತ್‌ಗಾರ್ಡ್ ಹಾಕಿಕೊಳ್ಳುವುದು ಒಳ್ಳೆಯದು. ಒಂದು ತಿಂಗಳು ಯೋಚನೆ ಮಾಡಿದೆ. ಮನೆಯಲ್ಲಿ ಸೋಫಾದ ದಿಂಬು ನಿಲ್ಲಿಸಿಕೊಂಡು, ತಲೆ ಪಕ್ಕಕ್ಕೆ ಇಟ್ಟು, ತೋಳು ಬಳಸಿ ಹಿಡಿಯುವುದನ್ನು ಅವಳು ಅಭ್ಯಾಸ ಮಾಡುತ್ತಿದ್ದಾಳೆ. ಹೆಸರು ಕೊಟ್ಟಿದ್ದೇವೆ. ಮೌತ್‌ಗಾರ್ಡ್ ಕ್ಲಬ್ಬಿನ ಬಣ್ಣದ್ದೇ ಆಗಬೇಕಂತೆ, ಕೆಂಪು ಕಪ್ಪು.