ಗನ್‌ಮೆಟಲ್ ಅಂತ ಹಿತ್ತಾಳೆ ವಾಲ್ವ್ ಕೊಡ್ತಾರೆ, ಬೋಟಿನವರೇ ಜಾಗ್ರತೆ

ಬೋಟಿನ ತಳಕ್ಕೆ ವಾಲ್ವ್ ತಗೊಳ್ಳುವವರು ಇದನ್ನು ಓದಿಯೇ ಅಂಗಡಿಗೆ ಹೋಗಿ. ಮಲ್ಪೆಯಲ್ಲಿ ನಮ್ಮದು ಫೈಬರ್ ಬೋಟ್. ಜೂನ್, ಜುಲೈ ಹೇಗೂ ಮೀನುಗಾರಿಕೆ ಬಂದ್ ಅಲ್ವಾ, ಆಗ ಬೋಟ್ ಮೇಲೆ ಎಳೆದು, ಇಂಜಿನ್‌ಗೆ ಸಮುದ್ರದ ನೀರು ಬರುವ ವಾಲ್ವ್ ಹೊಸದು ಹಾಕಿಸಿದೆ. ಗನ್‌ಮೆಟಲ್ಲೇ, ಅಂದರೆ ತಾಮ್ರಕ್ಕೆ ತವರ ಸೇರಿಸಿದ ಲೋಹವೇ ಬೇಕು ಅಂತ ಅಂಗಡಿಯಲ್ಲಿ ಮತ್ತೆ ಮತ್ತೆ ಹೇಳಿದ್ದೆ. ರೇಟೂ ಗನ್‌ಮೆಟಲ್ಲಿನದ್ದೇ ಕೊಟ್ಟೆ.

ಆ ಅಂಗಡಿಯವ ಏನು ಮಾಡಿದ ಗೊತ್ತಾ? ಡ್ರಾಯರಿನಿಂದ ಅಯಸ್ಕಾಂತ ತೆಗೆದು ವಾಲ್ವಿಗೆ ಹಿಡಿದ. "ನೋಡಿ ಅಣ್ಣ, ಅಂಟುವುದೇ ಇಲ್ಲ. ಅಸಲಿ ಮಾಲು." ಬೋಟ್ ನಡೆಸುವ ನಮ್ಮ ತಾಂಡೇಲನೂ ಹೌದು ಹೌದು ಅಂದ. ಹಿತ್ತಾಳೆಗೂ ಅಯಸ್ಕಾಂತ ಅಂಟುವುದಿಲ್ಲ ಮಾರಾಯ್ರೆ! ಮನೆಯ ಚೊಂಬಿಗೆ ಹಿಡಿದು ನೋಡಿ. ಅಷ್ಟು ಜನರ ಎದುರು ಅಯಸ್ಕಾಂತ ಹಿಡಿದು ಟೋಪಿ ಹಾಕಿದ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಸೀಸನ್ ಮುಗಿಯುವ ಮೊದಲೇ ಇಂಜಿನ್ ರೂಮಲ್ಲಿ ನೀರು. ಪುಣ್ಯಕ್ಕೆ ಬಂದರಿನ ದಕ್ಕೆಯಲ್ಲಿದ್ದೆವು. ವಾಲ್ವ್ ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತಿತ್ತು. ಸ್ಪ್ಯಾನರ್ ಹಾಕಿ ಸ್ವಲ್ಪ ತಿರುಗಿಸಿದ್ದೇ ತಡ, ಕುತ್ತಿಗೆ ಮುರಿದು ಕೈಗೆ ಬಂತು. ಮರದ ಬೆಣೆ ಬಡಿದು ನೀರು ನಿಲ್ಲಿಸಿದೆವು. ಮುರಿದ ಜಾಗ ಹಳದಿ ಇಲ್ಲ, ಗುಲಾಬಿ ಬಣ್ಣ. ಚಾಕು ತಾಗಿಸಿದರೆ ಹಳೇ ಇಟ್ಟಿಗೆಯ ಹಾಗೆ ಪುಡಿ. ಹಿತ್ತಾಳೆಯಲ್ಲಿ ಇರುವುದು ತಾಮ್ರ, ಸತು. ಉಪ್ಪುನೀರು ಸತುವನ್ನು ತಿಂದರೆ ಟೊಳ್ಳು ತಾಮ್ರ ಉಳಿಯುತ್ತದೆ. ಗನ್‌ಮೆಟಲ್ಲಿನಲ್ಲಿ ತವರ ಇರುತ್ತದೆ, ಸತು ಕಡಿಮೆ. ಅದಕ್ಕೇ ತಾಳಿಕೆ ಜಾಸ್ತಿ.

ಚೂರು ತಗೊಂಡು ಹೋಗಿ ಕೇಳಿದೆ. "ಉಪ್ಪುನೀರಲ್ವಾ ಅಣ್ಣ, ಯಾವುದು ತಡೆಯುತ್ತದೆ?" ಅಂದ. ಆಮೇಲೆ "ತಳಕ್ಕೆ ಜಿಂಕ್ ಕಟ್ಟಿಲ್ವಾ?" ಜಿಂಕ್ ಅಂದರೆ ಬೇರೆ ಲೋಹದ ಬದಲು ತಾನು ಸವೆಯಲಿ ಅಂತ ಬೋಟಿನ ತಳಕ್ಕೆ ಕಟ್ಟುವ ಸತುವಿನ ತುಂಡು. ಕಟ್ಟಿದ್ದೆ ಮಾರಾಯ. ಆದರೆ ಹೊರಗಿನ ಜಿಂಕ್‌ಗೂ ಈ ವಾಲ್ವಿಗೂ ತಂತಿಯ ಸಂಪರ್ಕವೇ ಇಲ್ಲದಿದ್ದರೆ ಅದೇನು ಕಾಯುತ್ತದೆ? ಕೊನೆಗೆ ಬಿಲ್ ತೋರಿಸಿದ. "ಇದರಲ್ಲಿ ಗನ್‌ಮೆಟಲ್ ಅಂತ ಎಲ್ಲಿದೆ?" ಬರೆದದ್ದು ಬರೀ "ಮರೈನ್ ವಾಲ್ವ್". ಮರೈನ್ ಅಂತೆ!

ಬಿಲ್ಲಲ್ಲಿ ಲೋಹದ ಹೆಸರು ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ಒಂದು ಮೂಲೆಗೆ ಅರ ಹಾಕಿ ನೋಡಿ, ಹಳದಿ ಹೊಳೆದರೆ ಅನುಮಾನ ಪಡಿ, ಗನ್‌ಮೆಟಲ್ ಕೆಂಪು ಕಡೆಗೆ ಇರುತ್ತದೆ. ಜಿಂಕ್ ಮೇಲೆ ಪೇಂಟ್ ಹೊಡೆಸಬೇಡಿ, ಹೊಡೆದರೆ ಅದು ಕೆಲಸಕ್ಕಿಲ್ಲ. ಬೋಟ್ ಮೇಲೆ ಬಂದಾಗಲೆಲ್ಲ ವಾಲ್ವ್ ಬಿಚ್ಚಿಸಿ ಚಾಕುವಿನಿಂದ ಕೆರೆದು ನೋಡಿ. ಅಯಸ್ಕಾಂತ ತೆಗೆಯುವವನ ಹತ್ತಿರ ಮಾತ್ರ ಹೋಗಲೇಬೇಡಿ.

ದುಡ್ಡು ವಾಪಸ್ ಕೊಡಲಿಲ್ಲ. ಜಾಸ್ತಿ ಗಲಾಟೆ ಮಾಡಿದ್ದಕ್ಕೆ "ಆಯ್ತು ಅಣ್ಣ, ಬೇರೆ ಕೊಡ್ತೇನೆ" ಅಂತ ಒಳಗೆ ಹೋದ. ತಂದದ್ದು ಅದೇ ಡಬ್ಬಿಯ ಇನ್ನೊಂದು ವಾಲ್ವ್.