ಗೋಡೌನಿನ ಶಟರಿಗೆ ಮುನ್ನ ತೂಗುವ ಹಳದಿ ಪೈಪು: ಒಂದು ಮಳೆಗಾಲ ಬಳಸಿದ ನಂತರ

ಆಲ್ದೂರಿನ ಕಡೆಯಿರುವ ನಮ್ಮ ಕಾಫಿ ತೋಟದ ಗೋಡೌನಿಗೆ ಚಿಕ್ಕಮಗಳೂರಿನ ಬೇಲೂರು ರಸ್ತೆಯ ಒಂದು ವೆಲ್ಡಿಂಗ್ ಅಂಗಡಿಯವರು, ಗಾಡಿ ಬಾಗಿಲಿಗಿಂತ ಎತ್ತರವಾಗಿದ್ದರೆ ಮೊದಲೇ ತಗುಲಿ ಎಚ್ಚರಿಸುವ ಎರಡು ಎತ್ತರ ಸೂಚಕ ಪೈಪುಗಳನ್ನು ಮಾಡಿ ಅಳವಡಿಸಿಕೊಟ್ಟಿದ್ದಾರೆ. ಒಂದು ಪೂರ್ತಿ ಮಳೆಗಾಲವನ್ನೂ ಅದರ ಬೆನ್ನಿಗೆ ಬಂದ ಕೊಯ್ಲನ್ನೂ ಇವುಗಳೊಂದಿಗೆ ಕಳೆದ ಮೇಲೆ, ಎತ್ತರದ ಗಾಡಿಗಳನ್ನು ಶೆಡ್ಡಿಗೆ ತರುವ ಇತರ ಬೆಳೆಗಾರರಿಗೆ ನಮ್ಮ ಅನುಭವವನ್ನು ತಿಳಿಸಬೇಕೆನಿಸಿತು.

ಇದನ್ನು ಮಾಡಿಸಲು ಕಾರಣವಾದ ಘಟನೆಯನ್ನು ಮೊದಲು ಹೇಳಬೇಕು. ಮೇ ತಿಂಗಳಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ನಡೆಯುತ್ತಿದ್ದ ಒಂದು ದಿನ, ಮೇಲಿನ ಕ್ಯಾರಿಯರಿನಲ್ಲಿ ಅಲ್ಯೂಮಿನಿಯಂ ಏಣಿಗಳನ್ನು ಕಟ್ಟಿಕೊಂಡು, ಹಿಂದೆ 50 ಕೆ.ಜಿ.ಯ 25 ಮೂಟೆ ಗೊಬ್ಬರ ಹೇರಿಕೊಂಡು ಬಂದ ನಮ್ಮ ಪಿಕಪ್ ಗೋಡೌನಿನೊಳಗೆ ಯಾವ ತೊಂದರೆಯೂ ಇಲ್ಲದೆ ಹೋಯಿತು. ಮೂಟೆ ಇಳಿಸಿ ಅದೇ ಏಣಿಗಳೊಂದಿಗೆ ಹೊರಗೆ ಬರುವಾಗ ಏಣಿಯ ತುದಿ ಶಟರಿನ ಕೆಳಪಟ್ಟಿಗೆ ಸಿಕ್ಕಿ, ಶಟರ್ ಜಾರುವ ಒಂದು ಬದಿಯ ಗೈಡ್ ಚಾನೆಲ್ ಬಗ್ಗಿ, ಶಟರ್ ಅರ್ಧಕ್ಕೆ ಜಾರಿ ನಿಂತಿತು. ಕೆಲಸದವರಿಬ್ಬರು ಆಗಷ್ಟೇ ಗಾಡಿಯ ಹಿಂಬದಿಯಿಂದ ಇಳಿದಿದ್ದರು. ಅವರು ಎಂದಿನಂತೆ ಏಣಿ ಹಿಡಿದು ಅಲ್ಲೇ ನಿಂತಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಹಲವು ರಾತ್ರಿ ನನ್ನನ್ನು ಕಾಡಿತು. ಒಳಗೆ ಹೋದ ಗಾಡಿ ಅದೇ ಬಾಗಿಲಲ್ಲಿ ಹೊರಬರುವಾಗ ಹೇಗೆ ತಗುಲಿತು ಎಂಬುದು ಚಾಲಕನಿಗೂ ಅರ್ಥವಾಗಲಿಲ್ಲ, ನನಗೂ ಅರ್ಥವಾಗಲಿಲ್ಲ.

ಅದನ್ನು ಅರ್ಥ ಮಾಡಿಸಿದವರು ಈ ಅಂಗಡಿಯವರು. ಅಳತೆಗೆ ಬಂದವರು ಟೇಪು ಬಿಚ್ಚುವ ಮೊದಲೇ, “ಸಾರ್, ಗಾಡಿ ಖಾಲಿ ಇರುವಾಗ ಎಂದಾದರೂ ಅಳೆದಿದ್ದೀರಾ?” ಎಂದು ಕೇಳಿದರು. ನಾವು ಅಳೆದಿದ್ದದ್ದು ಹೊರೆ ಹೇರಿದ ಗಾಡಿಯನ್ನು. ಏಣಿಯೂ ಸೇರಿ ಅದರ ಎತ್ತರ 7 ಅಡಿ 7 ಇಂಚು. ಮೂಟೆ ಇಳಿಸಿದ ಮೇಲೆ ಹಿಂಬದಿಯ ಪಟ್ಟಾ ಸ್ಪ್ರಿಂಗುಗಳು ಮೇಲೆದ್ದು ಎತ್ತರ ಎರಡೂವರೆ ಇಂಚು ಹೆಚ್ಚಾಗುತ್ತಿತ್ತು. ಬಾಗಿಲಿನ ವಿಷಯದಲ್ಲಿಯೂ ನಮ್ಮ ಲೆಕ್ಕ ತಪ್ಪಿತ್ತು. ಲಿಂಟಲಿನ (ಬಾಗಿಲಿನ ಮೇಲಿನ ಅಡ್ಡ ತೊಲೆಯ) ತನಕ 8 ಅಡಿ 6 ಇಂಚು ಎಂದು ಕಟ್ಟಡದ ನಕ್ಷೆಯಲ್ಲಿರುವುದನ್ನೇ ನಾವು ನಂಬಿಕೊಂಡಿದ್ದೆವು. ಆದರೆ ರೋಲಿನೊಳಗಿನ ಸ್ಪ್ರಿಂಗ್ ಸಡಿಲಗೊಂಡು ಶಟರ್ ಪೂರ್ತಿ ಸುತ್ತಿಕೊಳ್ಳದೆ ಆರು ಇಂಚು ಕೆಳಗೇ ಉಳಿಯುತ್ತಿದ್ದುದರಿಂದ ನಿಜವಾಗಿ ಸಿಗುತ್ತಿದ್ದದ್ದು ಸರಿಯಾಗಿ 8 ಅಡಿ ಮಾತ್ರ.

ಇಷ್ಟಾದರೂ ಎರಡೂವರೆ ಇಂಚು ಉಳಿಯಬೇಕಿತ್ತಲ್ಲ ಎಂದಾಗ ಅವರು ಇಳಿಜಾರನ್ನು ತೋರಿಸಿದರು. ನಮ್ಮ ಕಣದಿಂದ ಗೋಡೌನಿನ ನೆಲ ತಗ್ಗಿನಲ್ಲಿದೆ, ಇಳಿಜಾರು ಬಾಗಿಲಿನ ಹೊಸ್ತಿಲಲ್ಲಿ ಮುಗಿದು ನೆಲ ಸಮತಟ್ಟಾಗುತ್ತದೆ. ಒಂದು ಜೊತೆ ಚಕ್ರ ಇಳಿಜಾರಿನ ಮೇಲೆ, ಇನ್ನೊಂದು ಜೊತೆ ಒಳಗಿನ ನೆಲದ ಮೇಲೆ ಇರುವ ಆ ಗಳಿಗೆಯಲ್ಲಿ ಗಾಡಿ ತಗ್ಗಿನ ಮೇಲೆ ಸೇತುವೆಯಂತೆ ನಿಲ್ಲುತ್ತದೆ. ಅದರ ನಡುಭಾಗ ಹೊಸ್ತಿಲಿನಿಂದ ಮಾಮೂಲಿಗಿಂತ ಹೆಚ್ಚು ಎತ್ತರದಲ್ಲಿರುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 10 ಅಡಿ ಅಂತರವಿದ್ದು, ಇಳಿಜಾರು ಹತ್ತು ಅಡಿಗೆ ಒಂದು ಅಡಿಯಷ್ಟಿದ್ದರೆ ಈ ಏರಿಕೆ 3 ಇಂಚು. 7 ಅಡಿ ಒಂಬತ್ತೂವರೆ ಇಂಚಿನ ಖಾಲಿ ಗಾಡಿ ಬಾಗಿಲಿನಲ್ಲಿ 8 ಅಡಿ ಅರ್ಧ ಇಂಚಾಗಿತ್ತು. ಆ ಅರ್ಧ ಇಂಚೇ ನಮ್ಮ ಶಟರನ್ನು ಕಿತ್ತದ್ದು. ಅವರು ಇದನ್ನು ಬಾಯಲ್ಲಿ ಹೇಳಿ ಬಿಡದೆ, ಬಾಗಿಲಿಗೆ ಅಡ್ಡಲಾಗಿ ಒಂದು ದಾರ ಕಟ್ಟಿ, ಗಾಡಿಯನ್ನು ಇಂಚಿಂಚಾಗಿ ಓಡಿಸಿ ಮೂರು ಕಡೆ ಅಳೆದು ತೋರಿಸಿದರು. ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಮೆಚ್ಚುವುದು ಆ ಒಂದು ಗಂಟೆಯನ್ನು.

ಸಾಧನ ಬಹಳ ಸರಳವಾದದ್ದು. ಎರಡು ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಕಂಬಗಳ ಮೇಲೆ ಒಂದು ಅಡ್ಡಕಂಬ, ಅದರಿಂದ ಎರಡು ಸರಪಳಿಗಳಲ್ಲಿ ತೂಗುವ ನಾಲ್ಕು ಇಂಚಿನ ಪಿ.ವಿ.ಸಿ. ಪೈಪು, ಪೈಪಿಗೆ ಹಳದಿ ಮತ್ತು ಕಪ್ಪು ಪಟ್ಟೆ. ಗಾಡಿ ಎತ್ತರವಾಗಿದ್ದರೆ ಪೈಪು ತಗುಲಿ ತೂಗುತ್ತದೆ, ಅದಕ್ಕೆ ಕಟ್ಟಿದ ಸರಪಳಿಯ ತುಂಡುಗಳು ಗಲಗಲ ಸದ್ದು ಮಾಡುತ್ತವೆ, ಗಾಡಿಗಾಗಲಿ ಹೊರೆಗಾಗಲಿ ಏನೂ ಆಗುವುದಿಲ್ಲ. ವಿದ್ಯುತ್ ರೈಲುಮಾರ್ಗಗಳ ಲೆವೆಲ್ ಕ್ರಾಸಿಂಗುಗಳಲ್ಲಿ ಹಳಿಯ ಎರಡೂ ಬದಿಗೆ 4.67 ಮೀಟರ್ ಎತ್ತರದ ಕಮಾನು ನಿಲ್ಲಿಸುವುದರ ಹಿಂದೆಯೂ ಇದೇ ವಿಚಾರವಿದೆ: ಅಪಾಯದ ಜಾಗಕ್ಕೆ ಹೋಗುವ ಮೊದಲೇ, ಇನ್ನೂ ನಿಲ್ಲಿಸಲು ಸಾಧ್ಯವಿರುವಲ್ಲಿ ಚಾಲಕನಿಗೆ ತಿಳಿಯಬೇಕು. ನಮ್ಮಲ್ಲಿ ಹೊರಗಿನ ಪೈಪು ಬಾಗಿಲಿನಿಂದ 20 ಅಡಿ ದೂರದಲ್ಲಿದೆ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಬರುವ ಗಾಡಿ ಒಂದು ಸೆಕೆಂಡಿಗೆ ಸುಮಾರು 9 ಅಡಿ ಸಾಗುತ್ತದೆ; ಸದ್ದು ಕೇಳಿ ಬ್ರೇಕಿಗೆ ಕಾಲು ಹೋಗುವಷ್ಟು ಹೊತ್ತನ್ನು ಲೆಕ್ಕ ಹಾಕಿದರೆ ಇದಕ್ಕಿಂತ ಹತ್ತಿರ ಇಡುವುದು ತಪ್ಪಾಗುತ್ತದೆ. ಎತ್ತರವನ್ನು 7 ಅಡಿ 7 ಇಂಚಿಗೆ ಇರಿಸಿದ್ದಾರೆ: 8 ಅಡಿಯಿಂದ ಇಳಿಜಾರಿನ 3 ಇಂಚು ಕಳೆದು, ಅದರ ಮೇಲೆ 2 ಇಂಚು ಜಾಗ್ರತೆಗೆ. ಈಗ ಏಣಿ ಹೊತ್ತ ಪಿಕಪ್ ತುಂಬಿದ್ದರೂ ಪೈಪಿಗೆ ಸವರುತ್ತದೆ, ಖಾಲಿಯಿದ್ದರೆ ಖಂಡಿತ ಬಡಿಯುತ್ತದೆ. ಆದ್ದರಿಂದ ಏಣಿಗಳನ್ನು ಕಣದಲ್ಲೇ ಇಳಿಸುವುದು ರೂಢಿಯಾಗಿದೆ.

ಎರಡನೆಯ ಪೈಪು ಗೋಡೌನಿನ ಒಳಗೆ, ಬಾಗಿಲಿನಿಂದ 12 ಅಡಿ ಹಿಂದೆ ತೂಗುತ್ತದೆ. ಇದನ್ನು ಕೇಳಿ ಮಾಡಿಸಿಕೊಳ್ಳಬೇಕಾಯಿತು. ನಮ್ಮ ಅಪಘಾತ ನಡೆದದ್ದೇ ಹೊರಬರುವಾಗ ಎಂದು ಗೊತ್ತಿದ್ದೂ ಅಂಗಡಿಯವರು ಮೊದಲ ಅಂದಾಜಿನಲ್ಲಿ ಹೊರಗಿನದನ್ನಷ್ಟೇ ಬರೆದಿದ್ದರು. ಇಷ್ಟು ಸೂಕ್ಷ್ಮವಾಗಿ ಅಳೆದವರು ಅದನ್ನು ತಾವಾಗಿಯೇ ಸೂಚಿಸಬೇಕಿತ್ತು.

ಕೊರತೆಗಳು ಇನ್ನೂ ಇವೆ. ಅವರು ತಂದ ಫಲಕದಲ್ಲಿ ಎತ್ತರ ಮೀಟರಿನಲ್ಲಿ ಮಾತ್ರ ಇತ್ತು. ನಮ್ಮ ಚಾಲಕರು, ಮೇಸ್ತ್ರಿ, ತೋಟದ ಲೆಕ್ಕ ಬರೆಯುವ ರೈಟರು ಎಲ್ಲರೂ ಲೆಕ್ಕ ಹಾಕುವುದು ಅಡಿ ಮತ್ತು ಇಂಚಿನಲ್ಲಿ. ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಮತ್ತೆ ಬರೆಸಬೇಕಾಯಿತು, ಅದಕ್ಕೆ ಅವರು ಹಣ ಕೇಳಲಿಲ್ಲ. ಜುಲೈ ತಿಂಗಳ ಗಾಳಿಮಳೆಗೆ ಹೊರಗಿನ ಪೈಪು ಜೋಲಾಡಿ ಕಂಬಕ್ಕೆ ಬಡಿಯುತ್ತಿದ್ದುದರಿಂದ ಪೈಪಿನೊಳಗೆ ಸ್ವಲ್ಪ ಮರಳು ತುಂಬಿ ಎರಡೂ ಬಾಯಿಗೆ ಕ್ಯಾಪ್ ಹಾಕಿಸಿದೆವು. ಸರಪಳಿಗೆ ಹಾಕಿದ ಲೇಪ ಮಲೆನಾಡಿನ ಮಳೆಗೆ ಸಾಲದು. ಅಕ್ಟೋಬರಿನ ಹೊತ್ತಿಗೆ ಕೊಂಡಿಗಳು ತುಕ್ಕು ಹಿಡಿದಿದ್ದವು. ಪ್ರತಿಫಲಿಸುವ ಸ್ಟಿಕ್ಕರು ಮಾತ್ರ ಮಂಜಿನ ಬೆಳಗಿನಲ್ಲಿಯೂ ಹೆಡ್‌ಲೈಟಿಗೆ ಚೆನ್ನಾಗಿ ಹೊಳೆಯುತ್ತದೆ.

ಇದಕ್ಕೂ ಮೊದಲು ಆನ್‌ಲೈನಿನಲ್ಲಿ ತರಿಸಿದ ಸೆನ್ಸರ್ ಒಂದನ್ನು ಬಾಗಿಲಿನ ಪಕ್ಕ ಹಾಕಿ ನೋಡಿದ್ದೆವು. ಮಂಜು ಕವಿದಾಗಲೆಲ್ಲ ಅದು ಗಾಡಿಯಿಲ್ಲದೆಯೂ ಕೂಗುತ್ತಿತ್ತು, ಕರೆಂಟು ಹೋದಾಗ ಸುಮ್ಮನಾಗುತ್ತಿತ್ತು, ಹೀಗಾಗಿ ಕೆಲವೇ ದಿನಗಳಲ್ಲಿ ಯಾರೂ ಅದಕ್ಕೆ ಕಿವಿಗೊಡದಂತಾಯಿತು. ಪೈಪಿಗೆ ಕರೆಂಟು ಬೇಡ, ಬ್ಯಾಟರಿ ಬೇಡ.

ಶಟರಿನ ಸ್ಪ್ರಿಂಗ್ ಬದಲಿಸುವ ಕೆಲಸವನ್ನು ಇದೇ ಅಂಗಡಿಯವರು ಒಪ್ಪಿಕೊಳ್ಳಲಿಲ್ಲ, ಶಟರಿನವರನ್ನೇ ಕರೆಸಿ ಎಂದರು. ಬಿಗಿಯಾಗಿ ಸುತ್ತಿದ ಸ್ಪ್ರಿಂಗನ್ನು ತಿಳಿಯದವರು ಬಿಚ್ಚಿದರೆ ಕೈಯೇ ಹೋಗಬಹುದಾದ್ದರಿಂದ ಆ ನಿರಾಕರಣೆಯನ್ನು ನಾನು ಅವರ ಒಳ್ಳೆಯತನವೆಂದೇ ಎಣಿಸುತ್ತೇನೆ. ಸ್ಪ್ರಿಂಗ್ ಹೊಸದಾದ ಮೇಲೆ ಬಾಗಿಲಿನಲ್ಲಿ ನಾಲ್ಕು ಇಂಚು ಹೆಚ್ಚು ಸಿಕ್ಕಿತು, ಆದರೂ ಪೈಪನ್ನು ಮೇಲೆತ್ತಿಸಿಲ್ಲ. ಮತ್ತೆ ಸಡಿಲವಾಗುವುದು ಯಾವಾಗ ಎಂದು ಯಾರೂ ದಿನವೂ ಅಳೆಯುವುದಿಲ್ಲ.

ಎರಡೂ ಪೈಪು, ಕಂಬ, ಕಾಂಕ್ರೀಟು, ಸಾಗಾಣಿಕೆ ಸೇರಿ 16,500 ರೂಪಾಯಿ ಆಯಿತು. ಬಗ್ಗಿದ ಶಟರಿನ ರಿಪೇರಿಗೆ ಕೊಟ್ಟದ್ದು ಇದಕ್ಕಿಂತ ಹೆಚ್ಚು. ಹೇಳಿದ ದಿನಕ್ಕಿಂತ ಆರು ದಿನ ತಡವಾಗಿ ಬಂದರು, ಬಂದ ಮೇಲೆ ಒಂದೇ ದಿನದಲ್ಲಿ ಮುಗಿಸಿದರು. ಬರುವ ಮುಂಗಾರಿಗೆ ಮೊದಲು ಸ್ಟೇನ್‌ಲೆಸ್ ಸ್ಟೀಲ್ ಸರಪಳಿ ಹಾಕಿಕೊಡಲು ಒಪ್ಪಿದ್ದಾರೆ. ಅದೇ ದಿನ ಟ್ರ್ಯಾಕ್ಟರ್ ಶೆಡ್ಡಿನ ಬಾಗಿಲಿಗೂ ಒಂದು ಪೈಪು ಅಳೆಸಬೇಕೆಂದಿದ್ದೇನೆ, ಏಕೆಂದರೆ ಈ ವರ್ಷ ಟ್ರ್ಯಾಕ್ಟರಿಗೆ ಮೇಲ್ಛಾವಣಿ ಹಾಕಿಸಿದ್ದೇವೆ.