ಮೆಟ್ಟಿಲ ದೀಪಕ್ಕೆ ಒಂದು ನಿಮಿಷದ ಪಲ್ಸ್: ಟ್ರಾನ್ಸಿಸ್ಟರ್, 555, ಮೈಕ್ರೋಕಂಟ್ರೋಲರ್

ನಮ್ಮ ಮನೆಯಲ್ಲಿ ಹದಿನೆಂಟು ಮೆಟ್ಟಿಲು. ಮೊಣಕಾಲು ನೋವಿರುವ ಅಮ್ಮನಿಗೆ ಹತ್ತಿ ಮುಗಿಸಲು ಐವತ್ತು ಸೆಕೆಂಡಾದರೂ ಬೇಕು. ಗುಂಡಿ ಒತ್ತಿದರೆ ದೀಪ ಹತ್ತಿ, ಒಂದು ನಿಮಿಷದ ನಂತರ ತಾನಾಗಿಯೇ ಆರಬೇಕು. ನಡುದಾರಿಯಲ್ಲಿ ಮಾತ್ರ ಆರಕೂಡದು.

ಅಂದರೆ ಬೇಕಿರುವುದು ಒಂದೇ ಒಂದು ಉದ್ದನೆಯ ಪಲ್ಸ್. ವೋಲ್ಟೇಜು ಥಟ್ಟನೆ ಏರಿ, ನಿಗದಿತ ಹೊತ್ತು ನಿಂತು, ಥಟ್ಟನೆ ಇಳಿಯಬೇಕು. ಇದನ್ನು ಕೊಡುವ ಸರ್ಕ್ಯೂಟ್ ಮೊನೊಸ್ಟೇಬಲ್. ಬೈಕಿನ ಇಂಡಿಕೇಟರಿನಲ್ಲಿ ಕಾಣುವಂತೆ ಪಲ್ಸುಗಳು ಒಂದರ ಹಿಂದೊಂದು ಬರುತ್ತಲೇ ಇದ್ದರೆ ಅದು ಅಸ್ಟೇಬಲ್. 12 ವೋಲ್ಟಿನ, 7 ಆಂಪಿಯರ್-ಅವರ್ ಬ್ಯಾಟರಿ ಮತ್ತು ಒಂದು ಮೀಟರ್ ಎಲ್‌ಇಡಿ ಪಟ್ಟಿ ಇಟ್ಟುಕೊಂಡು ಮೂರು ಬಗೆಯಲ್ಲಿ ಕಟ್ಟಿ ನೋಡಿದೆ. ಪಟ್ಟಿಯನ್ನು ಹೊತ್ತಿಸಲು ಮೂರಕ್ಕೂ ಮಾಸ್‌ಫೆಟ್, ಅಂದರೆ ದೊಡ್ಡ ಕರೆಂಟಿನ ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್, ಬೇಕಾಯಿತು.

ಮೊದಲು ಎರಡು ಬಿ.ಸಿ. 547 ಟ್ರಾನ್ಸಿಸ್ಟರ್, ಅಂದರೆ ಬೇಸ್ ಎಂಬ ಕಾಲಿಗೆ ಸಿಗುವ ಸಣ್ಣ ಕರೆಂಟಿನಿಂದ ನಡೆಯುವ ಸ್ವಿಚ್ಚುಗಳು. 100 ಕಿಲೋ ಓಮ್ ರೆಸಿಸ್ಟರ್ (ಆರ್), 1000 ಮೈಕ್ರೋಫ್ಯಾರಡ್ ಕೆಪಾಸಿಟರ್ (ಸಿ): ರೆಸಿಸ್ಟರಿನ ಮೂಲಕ ಕೆಪಾಸಿಟರಿನ ಚಾರ್ಜು ನಿಧಾನವಾಗಿ ಬದಲಾಗುವ ಹೊತ್ತೇ ಪಲ್ಸಿನ ಉದ್ದ. ಲೆಕ್ಕದ ಪ್ರಕಾರ 0.69 ಗುಣಿಸು ಆರ್ ಗುಣಿಸು ಸಿ, ಅಂದರೆ 69 ಸೆಕೆಂಡು. ಗಡಿಯಾರ ಹಿಡಿದು ಕುಳಿತರೆ ಐವತ್ತರ ಆಸುಪಾಸಿನಲ್ಲೇ ದೀಪ ಆರಿತು! ಪಲ್ಸ್ ಶುರುವಾದಾಗ ಕೆಪಾಸಿಟರ್ ಎರಡನೇ ಟ್ರಾನ್ಸಿಸ್ಟರಿನ ಬೇಸನ್ನು ಮೈನಸ್ 11 ವೋಲ್ಟಿನವರೆಗೆ ಎಳೆಯುತ್ತದೆ. ಆದರೆ ಬೇಸ್ ಮತ್ತು ಎಮಿಟರ್ ಎಂಬ ಕಾಲುಗಳ ನಡುವಿನ ಸಂಧಿ ಹೀಗೆ ಹಿಮ್ಮುಖವಾಗಿ ತಡೆದುಕೊಳ್ಳುವ ಮಿತಿ 6 ವೋಲ್ಟ್. ಅದನ್ನು ದಾಟಿದೊಡನೆ ಚಾರ್ಜು ಸೋರಿ ಸಮಯ ಕುಗ್ಗುತ್ತದೆ. ಬೇಸಿಗೆ ಸಾಲಾಗಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4148 ಡಯೋಡ್ ಹಾಕಿದ ಮೇಲೆ ಸರಿಯಾಯಿತು. ಪಲ್ಸ್ ಎಂದರೇನೆಂದು ನನಗೆ ಕಲಿಸಿದ್ದು ಇದೇ. ಆದರೂ ದೀಪ ಆರಿದಾಗಲೂ 12 ಮಿಲಿ ಆಂಪಿಯರ್ ಕುಡಿಯುತ್ತಿತ್ತು. ಆರಿದ ತಕ್ಷಣ ಮತ್ತೆ ಒತ್ತಿದರೆ ಪಲ್ಸ್ ಗಿಡ್ಡವಾಗುತ್ತಿತ್ತು.

ನಂತರ 555, ಸಮಯ ಎಣಿಸಲೆಂದೇ ಮಾಡಿದ ಟೈಮರ್ ಚಿಪ್. ಹಾನ್ಸ್ ಕ್ಯಾಮೆನ್‌ಜಿಂಡ್ ರೂಪಿಸಿ, ಅಮೆರಿಕದ ಸಿಗ್ನೆಟಿಕ್ಸ್ ಕಂಪನಿ 1972ರಲ್ಲಿ ಮಾರುಕಟ್ಟೆಗೆ ತಂದ ಈ ಎಂಟು ಕಾಲಿನ ಚಿಪ್ ಇಂದಿಗೂ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೇಳಿದೊಡನೆ ಸಿಗುತ್ತದೆ. 560 ಕಿಲೋ ಓಮ್, 100 ಮೈಕ್ರೋಫ್ಯಾರಡ್, 1.1 ಆರ್‌ಸಿ: 62 ಸೆಕೆಂಡು. ಕೆಪಾಸಿಟರಿಗೆ ಮಲ್ಟಿಮೀಟರ್ ಹಚ್ಚಿ ನೋಡುವುದೇ ಒಂದು ಸಂತೋಷ. ಅಂಕಿಗಳು ಮೊದಲು ಓಡುತ್ತವೆ, ಏಳು ದಾಟಿದ ಮೇಲೆ ಏದುಸಿರು ಬಿಟ್ಟಂತೆ ನಿಧಾನವಾಗುತ್ತವೆ, ಎಂಟು ಮುಟ್ಟಿದೊಡನೆ, ಅಂದರೆ 12ರ ಮೂರನೇ ಎರಡು ಪಾಲಾದೊಡನೆ, ದೀಪ ಆರುತ್ತದೆ. ನನಗೆ ಬಂದದ್ದು 72 ಸೆಕೆಂಡು. ಇಂಥ ಎಲೆಕ್ಟ್ರೋಲಿಟಿಕ್ ಬಗೆಯ ಕೆಪಾಸಿಟರಿನ ಮೈಕ್ರೋಫ್ಯಾರಡ್ ಅಳತೆಯೇ ಶೇ. 20ರಷ್ಟು ಆಚೀಚೆ ಇರಬಹುದು, ಜೊತೆಗೆ ಅದು ಸೋರುತ್ತದೆ. ಅಮ್ಮನಿಗೆ ಹತ್ತು ಸೆಕೆಂಡು ಹೆಚ್ಚು ಸಿಕ್ಕಿದರೆ ಒಳ್ಳೆಯದೇ.

ಕಾಟ ಕೊಟ್ಟದ್ದು ಬೋರ್‌ವೆಲ್ ಮೋಟಾರು. ಅದು ಚಾಲೂ ಆದಾಗಲೆಲ್ಲ ಮೆಟ್ಟಿಲ ದೀಪವೂ ಹತ್ತುತ್ತಿತ್ತು. ಗುಂಡಿಯಿಂದ ಬರುವ ಉದ್ದನೆಯ ತಂತಿ 555ರ ಎರಡನೇ ಕಾಲಿಗೆ, ಅಂದರೆ ಪಲ್ಸ್ ಶುರು ಮಾಡಿಸುವ ಕಾಲಿಗೆ, ಸುಳ್ಳು ಸುದ್ದಿ ತರುತ್ತಿತ್ತು. ಆ ಕಾಲಿನ ಬಳಿಯಲ್ಲೇ ಅದನ್ನು ಪ್ಲಸ್ ಕಡೆಗೆ ಎಳೆದಿಡುವ 10 ಕಿಲೋ ಓಮ್ ಪುಲ್‌ಅಪ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆದ ಮೇಲೆ ನಿಂತಿತು.

ಮೂರನೆಯದು ಎಟಿಟೈನಿ85 ಮೈಕ್ರೋಕಂಟ್ರೋಲರ್, ಅಂದರೆ ಪ್ರೋಗ್ರಾಂ ತುಂಬಿ ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್. ಅದು ಅಚ್ಚುಕಟ್ಟು: 61 ಸೆಕೆಂಡು, ಬೇಕೆಂದರೆ ಒಂದು ಸಂಖ್ಯೆ ಬದಲಿಸಿದರೆ 90. ಆದರೆ ಅದಕ್ಕೆ 12 ವೋಲ್ಟನ್ನು 5ಕ್ಕೆ ಇಳಿಸುವ ರೆಗ್ಯುಲೇಟರ್ ಬೇಕು, 5 ವೋಲ್ಟಿಗೇ ಪೂರ್ತಿ ತೆರೆಯುವ ಐಆರ್‌ಎಲ್‌ಝಡ್44ಎನ್‌ನಂಥ ಮಾಸ್‌ಫೆಟ್ ಬೇಕು, ಪ್ರೋಗ್ರಾಂ ತುಂಬುವ ಸಾಧನವೂ ಬೇಕು. ನಾನು ಊರಲ್ಲಿಲ್ಲದಾಗ ಕೆಟ್ಟರೆ ರೇಡಿಯೊ ರಿಪೇರಿಯವರು ಏನು ಮಾಡಬಲ್ಲರು?

ಗೋಡೆಗೆ ಏರಿದ್ದು 555. ಮೊದಲು ಹಾಕಿದ್ದ ಹಳೆಯ ಬಗೆಯ (ಬೈಪೋಲಾರ್) 555 ಸುಮ್ಮನಿದ್ದಾಗಲೂ 8 ಮಿಲಿ ಆಂಪಿಯರ್ ಎಳೆಯುತ್ತಿತ್ತು. ಹಾಗೆ ಬಿಟ್ಟರೆ ಬ್ಯಾಟರಿ 36 ದಿನಕ್ಕೆ ಖಾಲಿ. ಅದೇ ಸಾಕೆಟ್ಟಿಗೆ ಕಡಿಮೆ ಕರೆಂಟ್ ಕುಡಿಯುವ ಸಿಮಾಸ್ ಬಗೆಯ ಟಿಎಲ್‌ಸಿ555 ಕೂರಿಸಿದೆ, ಅರ್ಧ ಮಿಲಿ ಆಂಪಿಯರಿಗೂ ಕಡಿಮೆಯಾಯಿತು. ಬಿಡಿ ಚಿಪ್ ಒಂದನ್ನು ಪೆಟ್ಟಿಗೆಯೊಳಗೇ ಅಂಟಿಸಿಟ್ಟಿದ್ದೇನೆ.